ಅಟಾರ್ನಿ ಜನರಲ್ ಯಾರ ವಕೀಲರು?

ಸೈಟು ಕೊಳ್ಳಲು ಹೊರಟವರಿಗೆ ಬಲ್ಲವರು ಒಂದು ಮಾತು ಹೇಳುತ್ತಾರೆ: ಮುಂಗಡ ಕೊಡುವ ಮೊದಲು ಕಾಗದಪತ್ರಗಳನ್ನು ವಕೀಲರಿಗೆ ತೋರಿಸಿ. ವಕೀಲರು ಮೂಲಪತ್ರ, ಖಾತೆ, ಋಣಭಾರ ಪ್ರಮಾಣಪತ್ರ ಎಲ್ಲವನ್ನೂ ತಿರುವಿ ನೋಡಿ ‘ತೆಗೆದುಕೊಳ್ಳಬಹುದು’ ಎಂದೋ ‘ಬೇಡ, ತಕರಾರಿದೆ’ ಎಂದೋ ಬರೆದುಕೊಡುತ್ತಾರೆ. ನಾಳೆ ಯಾರಾದರೂ ದಾವೆ ಹೂಡಿದರೆ ಅದೇ ವಕೀಲರು ನಮ್ಮ ಪರವಾಗಿ ನ್ಯಾಯಾಲಯದಲ್ಲಿ ನಿಲ್ಲುತ್ತಾರೆ. ಸಲಹೆ ಮೊದಲು, ವಾದ ಆಮೇಲೆ.

ಭಾರತ ಸರ್ಕಾರಕ್ಕೂ ಹೀಗೆ ಒಬ್ಬ ವಕೀಲರಿದ್ದಾರೆ. ಅವರ ಹುದ್ದೆಯ ಹೆಸರು ಅಟಾರ್ನಿ ಜನರಲ್. ಸುಪ್ರೀಂ ಕೋರ್ಟ್‌ನಲ್ಲಿ ದೊಡ್ಡ ಪ್ರಕರಣವೊಂದು ವಿಚಾರಣೆಗೆ ಬಂದಾಗಲೆಲ್ಲ ‘ಕೇಂದ್ರದ ಪರ ಅಟಾರ್ನಿ ಜನರಲ್ ವಾದ ಮಂಡಿಸಿದರು’ ಎಂಬ ಸಾಲು ಪತ್ರಿಕೆಗಳಲ್ಲಿ ಕಾಣುತ್ತದೆ. ಇನ್ನೊಂದು ದಿನ ‘ನ್ಯಾಯಾಂಗ ನಿಂದನೆ ಮೊಕದ್ದಮೆಗೆ ಅಟಾರ್ನಿ ಜನರಲ್ ಸಮ್ಮತಿ ಇಲ್ಲ’ ಎಂಬ ಸುದ್ದಿ ಬರುತ್ತದೆ. ಸರ್ಕಾರದ ಪರ ವಾದಿಸುವ ವಕೀಲರಿಗೆ ಸಮ್ಮತಿ ಕೊಡುವ, ತಡೆಹಿಡಿಯುವ ಅಧಿಕಾರ ಎಲ್ಲಿಂದ ಬಂತು? ಅವರು ಮಂತ್ರಿಯೇ, ಅಧಿಕಾರಿಯೇ, ನ್ಯಾಯಾಧೀಶರಿಗೆ ಸಮಾನರಾದವರೇ? ಈ ಮೂರರಲ್ಲಿ ಯಾವುದೂ ಅಲ್ಲ ಎಂಬಲ್ಲಿಂದಲೇ ಈ ಹುದ್ದೆಯ ಸ್ವಾರಸ್ಯ ಶುರುವಾಗುತ್ತದೆ.

ಹೆಸರುಗಳ ಗೊಂದಲ

ಕಾನೂನು ಸಚಿವರು ಬೇರೆ, ಅಟಾರ್ನಿ ಜನರಲ್ ಬೇರೆ. ಸಚಿವರು ರಾಜಕಾರಣಿ, ಸಂಸತ್ತಿನ ಸದಸ್ಯರು; ಕಾನೂನು ಇಲಾಖೆಯನ್ನು ನಡೆಸುವುದು ಅವರ ಕೆಲಸ. ಅಟಾರ್ನಿ ಜನರಲ್ ನ್ಯಾಯಾಲಯದ ಅಂಗಳದಲ್ಲಿ ಬೆಳೆದ ವಕೀಲರು. ಅವರಿಗೆ ಮಂತ್ರಿಮಂಡಲದಲ್ಲಿ ಕುರ್ಚಿ ಇಲ್ಲ.

ಅವರ ನಂತರದ ಸ್ಥಾನ ಸಾಲಿಸಿಟರ್ ಜನರಲ್ ಅವರದು. ಅವರ ಕೆಳಗೆ ಹಲವು ಮಂದಿ ಹೆಚ್ಚುವರಿ ಸಾಲಿಸಿಟರ್ ಜನರಲ್‌ಗಳಿದ್ದಾರೆ. ದಿನನಿತ್ಯ ಸುಪ್ರೀಂ ಕೋರ್ಟ್‌ನಲ್ಲಿ ಕೇಂದ್ರದ ಹೆಚ್ಚಿನ ಹೊರೆ ಹೊರುವವರು ಇವರೇ. ಆದರೆ ಸಂವಿಧಾನದಲ್ಲಿ ಹೆಸರಿರುವುದು ಅಟಾರ್ನಿ ಜನರಲ್‌ಗೆ ಮಾತ್ರ. ಉಳಿದವರು ಸರ್ಕಾರದ ನಿಯಮಗಳ ಪ್ರಕಾರ ನೇಮಕಗೊಂಡವರು. ರಾಜ್ಯಗಳಲ್ಲಿ ಇದೇ ಕೆಲಸ ಮಾಡುವವರು ಅಡ್ವೊಕೇಟ್ ಜನರಲ್. ಅವರನ್ನು ಸಂವಿಧಾನದ 165ನೇ ವಿಧಿಯಂತೆ ರಾಜ್ಯಪಾಲರು ನೇಮಿಸುತ್ತಾರೆ.

ಈ ಏಣಿಯ ಮೆಟ್ಟಿಲುಗಳು ಹೇಗಿವೆ ಎಂದು ತಿಳಿಯಲು ಕನ್ನಡಿಗರಿಗೆ ಪರಿಚಿತರೇ ಒಬ್ಬರಿದ್ದಾರೆ. ಲೋಕಾಯುಕ್ತರಾಗಿ ಮನೆಮಾತಾದ ಎನ್. ಸಂತೋಷ್ ಹೆಗ್ಡೆ ಅವರು 1984ರಿಂದ 1988ರವರೆಗೆ ಕರ್ನಾಟಕದ ಅಡ್ವೊಕೇಟ್ ಜನರಲ್ ಆಗಿದ್ದರು. ನಂತರ ದೆಹಲಿಯಲ್ಲಿ ಹೆಚ್ಚುವರಿ ಸಾಲಿಸಿಟರ್ ಜನರಲ್ ಆದರು, 1998ರಲ್ಲಿ ಸಾಲಿಸಿಟರ್ ಜನರಲ್ ಆದರು, ಅಲ್ಲಿಂದ 1999ರಲ್ಲಿ ನೇರವಾಗಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದರು.

ದೊರೆ ಕಟಕಟೆ ಹತ್ತುವಂತಿರಲಿಲ್ಲ

ಹುದ್ದೆಯ ಬೇರು ಇಂಗ್ಲೆಂಡಿನಲ್ಲಿದೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ನ್ಯಾಯಾಲಯಗಳೆಲ್ಲ ದೊರೆಯ ಹೆಸರಿನಲ್ಲಿ ನಡೆಯುತ್ತಿದ್ದವು. ಹಾಗಿರುವಾಗ ದೊರೆಗೇ ಒಂದು ಜಮೀನಿನ ತಂಟೆ ಬಂದರೆ? ತನ್ನದೇ ನ್ಯಾಯಾಲಯದಲ್ಲಿ ತಾನೇ ಎದ್ದು ನಿಂತು ವಾದಿಸುವುದು ಆಗದ ಮಾತು. ಅದಕ್ಕಾಗಿ ಹದಿಮೂರನೇ ಶತಮಾನದ ಹೊತ್ತಿಗೆ ದೊರೆಯ ಪರವಾಗಿ ನಿಲ್ಲುವ ವೃತ್ತಿನಿರತ ವಕೀಲರು ಕಾಣಿಸಿಕೊಂಡರು. ‘ಅಟಾರ್ನಿ’ ಎಂಬುದು ಹಳೆಯ ಫ್ರೆಂಚ್ ಮೂಲದ ಪದ. ಒಬ್ಬರ ಬದಲಿಗೆ ನೇಮಕಗೊಂಡವನು ಎಂಬುದು ಅದರ ಅರ್ಥ. 1461ರಲ್ಲಿ ‘ಅಟಾರ್ನಿ ಜನರಲ್’ ಎಂಬ ಪೂರ್ಣ ಹೆಸರು ಬಳಕೆಗೆ ಬಂತು. ಒಂದೇ ಪ್ರಕರಣಕ್ಕೆ ನೇಮಕವಾದವರಲ್ಲ, ದೊರೆಯ ಎಲ್ಲ ವ್ಯವಹಾರಗಳಿಗೂ ಪ್ರತಿನಿಧಿ ಎಂಬುದನ್ನು ‘ಜನರಲ್’ ಹೇಳುತ್ತದೆ. ಸೇನೆಯ ಜನರಲ್‌ಗೂ ಇದಕ್ಕೂ ಸಂಬಂಧವಿಲ್ಲ.

ಕಂಪನಿ ಆಡಳಿತದ ಜೊತೆಗೆ ಇದರ ಇನ್ನೊಂದು ರೂಪ ಭಾರತಕ್ಕೆ ಬಂತು. ಕಲ್ಕತ್ತಾ, ಮದ್ರಾಸು, ಬೊಂಬಾಯಿಗಳಲ್ಲಿ ಅಡ್ವೊಕೇಟ್ ಜನರಲ್‌ಗಳಿದ್ದರು. ಇಡೀ ದೇಶಕ್ಕೆ ಒಬ್ಬರು ಎಂಬ ವ್ಯವಸ್ಥೆ ಮೂಡಿದ್ದು 1935ರ ಭಾರತ ಸರ್ಕಾರ ಕಾಯ್ದೆಯಿಂದ. 1937ರಲ್ಲಿ ಫೆಡರಲ್ ಕೋರ್ಟ್ ಶುರುವಾದಾಗ ಬ್ರಜೇಂದ್ರಲಾಲ್ ಮಿತ್ತರ್ ಭಾರತದ ಮೊದಲ ಅಡ್ವೊಕೇಟ್ ಜನರಲ್ ಆದರು.

ನಮ್ಮ ಸಂವಿಧಾನ ಜಾರಿಗೆ ಬಂದ ಎರಡು ದಿನಗಳ ನಂತರ, 1950ರ ಜನವರಿ 28ರಂದು, ಸುಪ್ರೀಂ ಕೋರ್ಟ್ ಮೊದಲ ಬಾರಿಗೆ ಸೇರಿತು. ಆಗ ಅದಕ್ಕೆ ಸ್ವಂತ ಕಟ್ಟಡವಿರಲಿಲ್ಲ. ಸಂಸತ್ ಭವನದೊಳಗಿನ ರಾಜರ ಸಭಾಂಗಣದಲ್ಲಿ ಕಲಾಪ ನಡೆಯಿತು. ಪೀಠದಲ್ಲಿ ಮುಖ್ಯ ನ್ಯಾಯಮೂರ್ತಿ ಹರಿಲಾಲ್ ಕನಿಯಾ, ಕೆಳಗೆ ವಕೀಲರ ಮುಂದಾಳಾಗಿ ಮೊದಲ ಅಟಾರ್ನಿ ಜನರಲ್ ಎಂ.ಸಿ. ಸೆತಲ್ವಾಡ್. ಅವರು 1963ರವರೆಗೆ, ಹದಿಮೂರು ವರ್ಷ ಆ ಹುದ್ದೆಯಲ್ಲಿದ್ದರು. ಅಷ್ಟು ದೀರ್ಘ ಕಾಲ ಇನ್ನಾರೂ ಇದ್ದಿಲ್ಲ.

ಸಂವಿಧಾನ ಕೊಟ್ಟಿದ್ದು, ಕೊಡದಿದ್ದದ್ದು

ಎಲ್ಲವೂ 76ನೇ ವಿಧಿಯಲ್ಲಿದೆ, ಅದೂ ನಾಲ್ಕೇ ಉಪವಿಧಿಗಳಲ್ಲಿ. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾಗಲು ಅರ್ಹತೆ ಇರುವವರನ್ನು ರಾಷ್ಟ್ರಪತಿಗಳು ಈ ಹುದ್ದೆಗೆ ನೇಮಿಸಬೇಕು. ಅಂದರೆ ಐದು ವರ್ಷ ಹೈಕೋರ್ಟ್ ನ್ಯಾಯಮೂರ್ತಿಯಾಗಿರಬೇಕು, ಇಲ್ಲವೇ ಹತ್ತು ವರ್ಷ ಹೈಕೋರ್ಟ್ ವಕೀಲರಾಗಿರಬೇಕು, ಇಲ್ಲವೇ ರಾಷ್ಟ್ರಪತಿಗಳ ದೃಷ್ಟಿಯಲ್ಲಿ ಹೆಸರಾಂತ ನ್ಯಾಯಶಾಸ್ತ್ರಜ್ಞರಾಗಿರಬೇಕು. ರಾಷ್ಟ್ರಪತಿಗಳು ನೇಮಿಸುತ್ತಾರೆ ಎಂದರೆ, ಪ್ರಾಯೋಗಿಕವಾಗಿ, ಕೇಂದ್ರ ಸರ್ಕಾರ ಆರಿಸಿದವರನ್ನು ನೇಮಿಸುತ್ತಾರೆ. ಸರ್ಕಾರ ಕೇಳಿದ ಕಾನೂನು ವಿಷಯಗಳ ಬಗ್ಗೆ ಸಲಹೆ ಕೊಡುವುದು, ವಹಿಸಿದ ಇತರ ಕಾನೂನು ಕೆಲಸಗಳನ್ನು ಮಾಡುವುದು ಅವರ ಕರ್ತವ್ಯ. ದೇಶದ ಯಾವುದೇ ನ್ಯಾಯಾಲಯದಲ್ಲಿ ಎದ್ದು ನಿಂತು ಮಾತನಾಡುವ ಹಕ್ಕು ಅವರಿಗಿದೆ. ಒಂದೇ ಸಮಯಕ್ಕೆ ಹಲವು ವಕೀಲರು ಮಾತನಾಡಲು ಎದ್ದರೆ ಮೊದಲು ಕೇಳಬೇಕಾದ್ದು ಅವರ ಮಾತನ್ನು. 1961ರ ವಕೀಲರ ಕಾಯ್ದೆಯಲ್ಲಿ ಇದನ್ನು ಬರೆದೇ ಇಡಲಾಗಿದೆ.

ಅಚ್ಚರಿ ಹುಟ್ಟಿಸುವ ಇನ್ನೊಂದು ಸವಲತ್ತು 88ನೇ ವಿಧಿಯಲ್ಲಿದೆ. ಲೋಕಸಭೆಗೂ ರಾಜ್ಯಸಭೆಗೂ ಹೋಗಿ ಅವರು ಮಾತನಾಡಬಹುದು, ಚರ್ಚೆಯಲ್ಲಿ ಭಾಗವಹಿಸಬಹುದು. ಮತ ಹಾಕುವಂತಿಲ್ಲ, ಅಷ್ಟೆ. ಸಂಸದರಲ್ಲದವರಿಗೆ ಸದನದ ಬಾಗಿಲು ಹೀಗೆ ತೆರೆಯುವುದು ಅಪರೂಪ.

ಕೊಡದಿದ್ದದ್ದು ಏನು ಎಂಬುದು ನನಗೆ ಇನ್ನೂ ಮುಖ್ಯವಾಗಿ ಕಾಣುತ್ತದೆ. ಅವರಿಗೆ ನಿಗದಿತ ಅವಧಿಯನ್ನು ಸಂವಿಧಾನ ಹೇಳಿಲ್ಲ. ನ್ಯಾಯಮೂರ್ತಿಯನ್ನು ತೆಗೆಯಲು ಸಂಸತ್ತಿನ ಎರಡೂ ಸದನಗಳಲ್ಲಿ ವಿಶೇಷ ಬಹುಮತ ಬೇಕು. ಅಟಾರ್ನಿ ಜನರಲ್ ಅವರನ್ನು ತೆಗೆಯಲು ಅಂಥ ಯಾವ ವಿಧಾನವೂ ಬೇಕಿಲ್ಲ. ‘ರಾಷ್ಟ್ರಪತಿಗಳ ಇಚ್ಛೆ ಇರುವವರೆಗೆ’ ಅವರು ಇರುತ್ತಾರೆ. ವಾಡಿಕೆಯಲ್ಲಿ ಮೂರು ವರ್ಷಕ್ಕೆ ನೇಮಿಸುತ್ತಾರೆ, ಸರ್ಕಾರ ಬದಲಾದರೆ ಅವರೂ ರಾಜೀನಾಮೆ ಕೊಡುತ್ತಾರೆ. ಸರ್ಕಾರಕ್ಕೆ ‘ಇದು ತಪ್ಪು’ ಎಂದು ಹೇಳಬೇಕಾದವರ ಕುರ್ಚಿ ಅದೇ ಸರ್ಕಾರದ ಕೈಯಲ್ಲಿದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನದನ್ನು ಓದಬೇಕು.

ವಯಸ್ಸಿನ ಮಿತಿಯೂ ಇಲ್ಲ. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳು 65ಕ್ಕೆ ನಿವೃತ್ತರಾಗುತ್ತಾರೆ, ಆದರೆ ಕೆ.ಕೆ. ವೇಣುಗೋಪಾಲ್ ಅವರು 2022ರಲ್ಲಿ ಅಟಾರ್ನಿ ಜನರಲ್ ಹುದ್ದೆಯಿಂದ ಇಳಿದಾಗ ಅವರಿಗೆ 91 ವರ್ಷ. ಅವರ ನಂತರ ಆರ್. ವೆಂಕಟರಮಣಿ ಅಧಿಕಾರ ವಹಿಸಿಕೊಂಡರು.

ಸಲಹೆ ಎಂದರೆ ಏನು?

ಯಾವುದೋ ಸಚಿವಾಲಯಕ್ಕೆ ಅನುಮಾನ ಬಂದಕೂಡಲೇ ಅಟಾರ್ನಿ ಜನರಲ್ ಅವರಿಗೆ ಫೋನು ಮಾಡಿ ಕೇಳುವಂತಿಲ್ಲ. ಕಡತ ಕಾನೂನು ಸಚಿವಾಲಯದ ಮೂಲಕವೇ ಅವರ ಬಳಿಗೆ ಹೋಗಬೇಕು. ನಡೆದದ್ದೇನು, ಕೇಳುತ್ತಿರುವ ಪ್ರಶ್ನೆಯೇನು ಎಂಬುದನ್ನು ಬರೆದು ಕಳುಹಿಸುತ್ತಾರೆ. ಅವರು ಓದಿ, ಹಳೆಯ ತೀರ್ಪುಗಳನ್ನು ನೋಡಿ, ಅಭಿಪ್ರಾಯ ಬರೆದು ಸಹಿ ಹಾಕುತ್ತಾರೆ. ಆ ಅಭಿಪ್ರಾಯ ಕಾನೂನಲ್ಲ, ತೀರ್ಪೂ ಅಲ್ಲ. ಸರ್ಕಾರ ಅದನ್ನು ಪಾಲಿಸಲೇಬೇಕು ಎಂದೂ ಇಲ್ಲ, ನ್ಯಾಯಾಲಯ ಅದನ್ನು ಒಪ್ಪಲೇಬೇಕು ಎಂದೂ ಇಲ್ಲ. ಹಾಗಿದ್ದರೂ ಸರಿಯಾದ ಹೊತ್ತಿನಲ್ಲಿ ಬಂದ ಒಂದು ಅಭಿಪ್ರಾಯ ಗಣರಾಜ್ಯದ ದಿಕ್ಕನ್ನೇ ನಿರ್ಧರಿಸಬಲ್ಲದು.

1951ರಲ್ಲಿ ಹಾಗೆಯೇ ಆಯಿತು. ಹಿಂದೂಗಳ ಮದುವೆ, ಆಸ್ತಿಹಕ್ಕಿನ ಕಾನೂನುಗಳನ್ನು ಸುಧಾರಿಸುವ ಹಿಂದೂ ಸಂಹಿತೆ ಮಸೂದೆಯ ಬಗ್ಗೆ ಪ್ರಧಾನಿ ಜವಾಹರಲಾಲ್ ನೆಹರೂ ಅವರಿಗೂ ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಅವರಿಗೂ ಭಿನ್ನಾಭಿಪ್ರಾಯ. ಮಸೂದೆಯ ವಿಷಯದಲ್ಲಿ ತಾವು ಸ್ವಂತ ವಿವೇಚನೆಯಿಂದ ನಡೆಯಬಯಸುವುದಾಗಿ ಪ್ರಸಾದರು ಪ್ರಧಾನಿಗೆ ಪತ್ರ ಬರೆದರು. ಸಂವಿಧಾನಕ್ಕೆ ಆಗ ಇನ್ನೂ ಎರಡು ವರ್ಷವೂ ತುಂಬಿರಲಿಲ್ಲ. ಮಂತ್ರಿಪರಿಷತ್ತು ಹೇಳಿದ್ದನ್ನು ರಾಷ್ಟ್ರಪತಿ ಕೇಳಲೇಬೇಕೇ ಎಂಬುದಕ್ಕೆ ಒಂದು ತೀರ್ಪೂ ಇರಲಿಲ್ಲ. ನೆಹರೂ ಅವರು ಸೆತಲ್ವಾಡ್ ಅವರನ್ನೂ ಸಂವಿಧಾನ ರಚನೆಯಲ್ಲಿ ಪಾಲ್ಗೊಂಡಿದ್ದ ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಅವರನ್ನೂ ಕೇಳಿದರು. ರಾಷ್ಟ್ರಪತಿ ಮಂತ್ರಿಪರಿಷತ್ತಿನ ಸಲಹೆಯಂತೆಯೇ ನಡೆಯಬೇಕು ಎಂದು ಇಬ್ಬರೂ ಹೇಳಿದರು. ಬಿಕ್ಕಟ್ಟು ಅಲ್ಲಿಗೇ ಇಳಿಯಿತು. ಇದೇ ಮಾತು 74ನೇ ವಿಧಿಯಲ್ಲಿ ಸ್ಪಷ್ಟ ಅಕ್ಷರಗಳಲ್ಲಿ ಸೇರಿದ್ದು 1976ರಲ್ಲಿ, 42ನೇ ತಿದ್ದುಪಡಿಯಿಂದ. ಅಲ್ಲಿಯವರೆಗಿನ ಕಾಲು ಶತಮಾನಕ್ಕೆ ಬುನಾದಿ ಹಾಕಿದವುಗಳಲ್ಲಿ ಅಟಾರ್ನಿ ಜನರಲ್ ಅವರ ಅಭಿಪ್ರಾಯವೂ ಒಂದು.

ಇಂಥ ಅಭಿಪ್ರಾಯಗಳು ಸಾಮಾನ್ಯವಾಗಿ ಗುಟ್ಟಾಗಿಯೇ ಉಳಿಯುತ್ತವೆ. ವಕೀಲ ಮತ್ತು ಕಕ್ಷಿದಾರರ ನಡುವಿನ ಮಾತು ಹೊರಬೀಳಬಾರದು ಎಂಬ ಹಳೆಯ ನಿಯಮ ಇಲ್ಲಿಯೂ ಇದೆ. ಆದರೆ ಇಲ್ಲಿ ಕಕ್ಷಿದಾರ ಸರ್ಕಾರ. ಅದರ ಖರ್ಚು ಜನರದು. ಹಾಗಾಗಿ ಪ್ರಶ್ನೆ ಏಳುತ್ತದೆ. ಅಟಾರ್ನಿ ಜನರಲ್ ಕಚೇರಿ ಮಾಹಿತಿ ಹಕ್ಕು ಕಾಯ್ದೆಗೆ ಒಳಪಡುತ್ತದೆ ಎಂದು 2015ರಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಹೇಳಿತು. 2017ರಲ್ಲಿ ಅದೇ ಹೈಕೋರ್ಟಿನ ವಿಭಾಗೀಯ ಪೀಠ ಆ ತೀರ್ಪನ್ನು ತಳ್ಳಿಹಾಕಿತು.

ಗುಟ್ಟಿನಿಂದ ಏನಾಗಬಹುದು ಎಂಬುದಕ್ಕೆ ಬ್ರಿಟನ್ನಿನ ಉದಾಹರಣೆ ಇದೆ. 2003ರ ಮಾರ್ಚ್ 7ರಂದು ಅಲ್ಲಿನ ಅಟಾರ್ನಿ ಜನರಲ್ ಲಾರ್ಡ್ ಗೋಲ್ಡ್‌ಸ್ಮಿತ್ ಅವರು ಇರಾಕ್ ಯುದ್ಧದ ಬಗ್ಗೆ ಪ್ರಧಾನಿಗೆ ಉದ್ದನೆಯ ಸಲಹೆ ಬರೆದುಕೊಟ್ಟರು. ವಿಶ್ವಸಂಸ್ಥೆಯ ಇನ್ನೊಂದು ನಿರ್ಣಯ ಪಡೆಯುವುದೇ ಸುರಕ್ಷಿತ ದಾರಿ ಎಂಬ ಎಚ್ಚರಿಕೆ ಅದರಲ್ಲಿತ್ತು. ಹತ್ತು ದಿನಗಳ ನಂತರ ಸಂಸತ್ತಿಗೆ ಸಿಕ್ಕಿದ್ದು ಯುದ್ಧ ಕಾನೂನುಬದ್ಧ ಎನ್ನುವ ಪುಟ್ಟ ಹೇಳಿಕೆ ಮಾತ್ರ. ಪೂರ್ಣ ಸಲಹೆ ಜನರ ಕಣ್ಣಿಗೆ ಬಿದ್ದದ್ದು 2005ರಲ್ಲಿ, ಯುದ್ಧ ಶುರುವಾಗಿ ಎರಡು ವರ್ಷಗಳ ಮೇಲೆ.

ಸರ್ಕಾರದ ಪರ ನಿಂತಾಗ: 1976

ತುರ್ತು ಪರಿಸ್ಥಿತಿಯಲ್ಲಿ ವಿಚಾರಣೆಯಿಲ್ಲದೆ ಸಾವಿರಾರು ಜನ ಸೆರೆಮನೆ ಸೇರಿದ್ದರು. ಬೆಂಗಳೂರಿನಲ್ಲಿ ಬಂಧಿತರಾದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ ಮೊದಲಾದವರು ಕರ್ನಾಟಕ ಹೈಕೋರ್ಟಿನ ಮೊರೆ ಹೋಗಿದ್ದರು. ಬಂಧಿತರ ಅರ್ಜಿಗಳನ್ನು ವಿಚಾರಿಸುವ ಅಧಿಕಾರ ನ್ಯಾಯಾಲಯಗಳಿಗೆ ಇದೆ ಎಂದು ದೇಶದ ಒಂಬತ್ತು ಹೈಕೋರ್ಟುಗಳು ಹೇಳಿದ್ದವು. ಕೇಂದ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಸರ್ಕಾರದ ಪರ ನಿಂತವರು ಅಟಾರ್ನಿ ಜನರಲ್ ನಿರೇನ್ ಡೇ. ಜೀವದ ಹಕ್ಕನ್ನು ಜಾರಿಗೊಳಿಸುವಂತೆ ಕೇಳುವ ದಾರಿಯೇ ತುರ್ತು ಪರಿಸ್ಥಿತಿಯಲ್ಲಿ ಮುಚ್ಚಿದೆ ಎಂಬುದು ಅವರ ವಾದ.

ಐವರು ನ್ಯಾಯಮೂರ್ತಿಗಳ ಪೀಠದಲ್ಲಿದ್ದ ಎಚ್.ಆರ್. ಖನ್ನಾ ಒಂದು ಪ್ರಶ್ನೆ ಕೇಳಿದರು. ಪೊಲೀಸ್ ಅಧಿಕಾರಿಯೊಬ್ಬ ವೈಯಕ್ತಿಕ ದ್ವೇಷದಿಂದ ಒಬ್ಬನನ್ನು ಕೊಂದರೆ ಆಗಲೂ ಪರಿಹಾರವಿಲ್ಲವೇ? ತಮ್ಮ ವಾದದ ಪ್ರಕಾರ, ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲ ಎಂದು ಡೇ ಉತ್ತರಿಸಿದರು. ಇದು ನ್ಯಾಯಮೂರ್ತಿಗಳ ಅಂತಃಸಾಕ್ಷಿಯನ್ನು ಕಲಕಬಹುದು, ತಮ್ಮದನ್ನೂ ಕಲಕುತ್ತದೆ ಎಂದೂ ಸೇರಿಸಿದರು.

ಆ ಉತ್ತರವನ್ನು ಎಷ್ಟು ಸಲ ಓದಿದರೂ ಮೈ ಜುಮ್ಮೆನ್ನುತ್ತದೆ. ವಕೀಲರಾಗಿ ಅವರು ಸುಳ್ಳು ಹೇಳಲಿಲ್ಲ. ತಮ್ಮ ವಾದ ಎಲ್ಲಿಯವರೆಗೆ ಹೋಗುತ್ತದೆಯೋ ಅದನ್ನು ಮರೆಮಾಚದೆ ಒಪ್ಪಿಕೊಂಡರು. ಆದರೆ ಸರ್ಕಾರ ಹೇಳಿದ ವಾದವನ್ನು ಮಂಡಿಸುತ್ತ ಹೋದರೆ ದೇಶದ ಅತ್ಯುನ್ನತ ವಕೀಲರು ಯಾವ ಅಂಚಿಗೆ ಬಂದು ನಿಲ್ಲುತ್ತಾರೆ ಎಂಬುದೂ ಅಲ್ಲಿ ಕಂಡಿತು. ಏಪ್ರಿಲ್ 28, 1976ರಂದು ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ಪರ ತೀರ್ಪಿತ್ತರು, ಖನ್ನಾ ಒಬ್ಬರೇ ವಿರುದ್ಧ ಬರೆದರು. ಜೀವದ ಹಕ್ಕನ್ನು ತುರ್ತು ಪರಿಸ್ಥಿತಿಯಲ್ಲೂ ಅಮಾನತಿನಲ್ಲಿಡುವಂತಿಲ್ಲ ಎಂದು 1978ರ 44ನೇ ತಿದ್ದುಪಡಿ ಸಾರಿತು. ಆ ತೀರ್ಪನ್ನೇ ಸುಪ್ರೀಂ ಕೋರ್ಟ್ ಹೂತುಹಾಕಿದ್ದು 2017ರ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಖಾಸಗಿತನದ ಪ್ರಕರಣದಲ್ಲಿ. ಖಾಸಗಿತನ ಮೂಲಭೂತ ಹಕ್ಕಲ್ಲ ಎಂಬ ವಾದವನ್ನು ಅಲ್ಲಿಯೂ ಅಟಾರ್ನಿ ಜನರಲ್ ಅವರೇ ಸರ್ಕಾರದ ಪರವಾಗಿ ಮಂಡಿಸಿದ್ದರು. ಒಂಬತ್ತು ನ್ಯಾಯಮೂರ್ತಿಗಳೂ ಒಮ್ಮತದಿಂದ ಅದನ್ನು ಒಪ್ಪಲಿಲ್ಲ.

ಕಾನೂನು ಅಧಿಕಾರಿಗೆ ಬೇರೆ ದಾರಿ ಇರಲಿಲ್ಲವೇ? ಇತ್ತು. ತುರ್ತು ಪರಿಸ್ಥಿತಿ ಘೋಷಣೆಯಾದ ಬೆನ್ನಿಗೇ ಹೆಚ್ಚುವರಿ ಸಾಲಿಸಿಟರ್ ಜನರಲ್ ಫಾಲಿ ನಾರಿಮನ್ ರಾಜೀನಾಮೆ ಕೊಟ್ಟು ಹೊರನಡೆದಿದ್ದರು.

ಸರ್ಕಾರವನ್ನೇ ಪ್ರಶ್ನಿಸಿದಾಗ: 1958

ಇದಕ್ಕೂ ಹದಿನೆಂಟು ವರ್ಷ ಹಿಂದಿನ ಇನ್ನೊಂದು ಚಿತ್ರ ನೋಡಿ. ಹೊಸದಾಗಿ ಹುಟ್ಟಿದ್ದ ಭಾರತೀಯ ಜೀವ ವಿಮಾ ನಿಗಮ ಉದ್ಯಮಿ ಹರಿದಾಸ್ ಮುಂಧ್ರಾ ಅವರ ಕಂಪನಿಗಳ ಷೇರುಗಳಲ್ಲಿ ಸುಮಾರು 1.25 ಕೋಟಿ ರೂಪಾಯಿ ತೊಡಗಿಸಿತ್ತು. ಲೋಕಸಭೆಯಲ್ಲಿ ಫಿರೋಜ್ ಗಾಂಧಿ ಅದನ್ನು ಬಯಲಿಗೆಳೆದರು. ಬೊಂಬಾಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ಏಕಸದಸ್ಯ ಆಯೋಗ ರಚನೆಯಾಯಿತು. ವಿಚಾರಣೆ ಸಾರ್ವಜನಿಕವಾಗಿ ನಡೆಯಿತು. ಒಳಗೆ ಜಾಗ ಸಿಗದ ಜನರಿಗಾಗಿ ಹೊರಗೆ ಧ್ವನಿವರ್ಧಕ ಹಾಕಬೇಕಾಯಿತು.

ಆಯೋಗಕ್ಕೆ ನೆರವಾಗಲು ನಿಂತವರು ಅಟಾರ್ನಿ ಜನರಲ್ ಸೆತಲ್ವಾಡ್. ಅವರ ಕೆಲಸ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ಅವರನ್ನು ಕಾಪಾಡುವುದಾಗಿರಲಿಲ್ಲ, ಸತ್ಯ ಹೊರತರುವುದಾಗಿತ್ತು. ಅವರನ್ನು ನೇಮಿಸಿದ್ದೂ ಅದೇ ಸರ್ಕಾರ, ಅವರು ಪ್ರಶ್ನಿಸಿದ್ದೂ ಅದೇ ಸರ್ಕಾರದ ಮಂದಿಯನ್ನು. 1958ರ ಫೆಬ್ರವರಿಯಲ್ಲಿ ಸಚಿವರು ರಾಜೀನಾಮೆ ಕೊಟ್ಟರು. ಸೆತಲ್ವಾಡ್ ಆಮೇಲೂ ಐದು ವರ್ಷ ಅಟಾರ್ನಿ ಜನರಲ್ ಆಗಿಯೇ ಇದ್ದರು.

ಕೈಕಟ್ಟುವ ನಿಯಮಗಳು, ಕಾವಲಿನ ಅಧಿಕಾರ

ಅಟಾರ್ನಿ ಜನರಲ್ ಪೂರ್ಣಾವಧಿ ಸರ್ಕಾರಿ ನೌಕರರಲ್ಲ, ಖಾಸಗಿ ವಕೀಲಿಕೆಯನ್ನು ಸಂವಿಧಾನ ನಿಷೇಧಿಸಿಲ್ಲ. ಆದರೆ 1987ರ ನಿಯಮಗಳು ಬೇಲಿ ಹಾಕಿವೆ. ಕೇಂದ್ರ ಸರ್ಕಾರದ ವಿರುದ್ಧ ಯಾರಿಗೂ ಸಲಹೆ ಕೊಡುವಂತಿಲ್ಲ. ಸರ್ಕಾರದ ಅನುಮತಿ ಇಲ್ಲದೆ ಕ್ರಿಮಿನಲ್ ಪ್ರಕರಣದ ಆರೋಪಿಗಳ ಪರ ನಿಲ್ಲುವಂತಿಲ್ಲ, ಕಂಪನಿಗಳಲ್ಲಿ ಹುದ್ದೆ ಪಡೆಯುವಂತಿಲ್ಲ.

ಇನ್ನು ಆ ಸಮ್ಮತಿಯ ವಿಷಯ. ಸುಪ್ರೀಂ ಕೋರ್ಟ್ ತನ್ನ ನಿಂದನೆಯಾಗಿದೆ ಎಂದು ಕಂಡರೆ ತಾನೇ ಮೊಕದ್ದಮೆ ಎತ್ತಿಕೊಳ್ಳಬಹುದು. ಆದರೆ ಖಾಸಗಿ ವ್ಯಕ್ತಿಯೊಬ್ಬರು ‘ಇಂಥವರ ಮಾತು ನ್ಯಾಯಾಂಗ ನಿಂದನೆ, ಶಿಕ್ಷಿಸಿ’ ಎಂದು ಕೋರಬೇಕಾದರೆ 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 15ನೇ ಕಲಮಿನಂತೆ ಮೊದಲು ಅಟಾರ್ನಿ ಜನರಲ್ ಅಥವಾ ಸಾಲಿಸಿಟರ್ ಜನರಲ್ ಅವರಿಂದ ಬರಹದಲ್ಲಿ ಸಮ್ಮತಿ ಪಡೆಯಬೇಕು. ಹೈಕೋರ್ಟಿನಲ್ಲಾದರೆ ಅಡ್ವೊಕೇಟ್ ಜನರಲ್ ಅವರಿಂದ. ಅಣೆಕಟ್ಟಿನ ತೂಬಿನ ಹಾಗೆ ಇದು: ಸಿಟ್ಟಿನಿಂದ, ಪ್ರಚಾರಕ್ಕಾಗಿ ಹೂಡುವ ಮೊಕದ್ದಮೆಗಳೆಲ್ಲ ನ್ಯಾಯಾಲಯಕ್ಕೆ ನುಗ್ಗದಂತೆ ತಡೆಯುವ ಬಾಗಿಲು. ಆ ಬಾಗಿಲಲ್ಲಿ ಕೂತಾಗ ಅವರು ಸರ್ಕಾರದ ಪರ ಯೋಚಿಸಬೇಕಿಲ್ಲ, ನ್ಯಾಯಾಲಯದ ಘನತೆ ಮತ್ತು ಜನರ ವಾಕ್ ಸ್ವಾತಂತ್ರ್ಯ ಎರಡನ್ನೂ ತೂಗಬೇಕು.

ಯಾರೂ ಕೇಳದೆ ಎದ್ದು ನಿಂತಾಗ

ಅಮೆರಿಕದಲ್ಲಿ ಅಟಾರ್ನಿ ಜನರಲ್ ಎಂದರೆ ನ್ಯಾಯ ಇಲಾಖೆಯ ಮುಖ್ಯಸ್ಥರು, ಅಧ್ಯಕ್ಷರ ಸಂಪುಟದ ಸದಸ್ಯರು. ಬ್ರಿಟನ್ನಿನಲ್ಲಿ ಅವರು ಆಳುವ ಪಕ್ಷದ ರಾಜಕಾರಣಿ. ಭಾರತದ ಅಟಾರ್ನಿ ಜನರಲ್ ಇಬ್ಬರಿಗಿಂತಲೂ ಬೇರೆ. ಸಂವಿಧಾನದ ಇಂಗ್ಲಿಷ್ ಪಾಠದಲ್ಲಿ ಒಂದು ಸಣ್ಣ ವ್ಯತ್ಯಾಸ ಇದೆ. ಸರ್ಕಾರದ ಲೆಕ್ಕಪತ್ರ ತಪಾಸಿಸುವ ಮಹಾಲೇಖಪಾಲರನ್ನು ‘ಕಂಪ್ಟ್ರೋಲರ್ ಅಂಡ್ ಆಡಿಟರ್ ಜನರಲ್ ಆಫ್ ಇಂಡಿಯಾ’ ಎಂದು ಕರೆದ ಸಂವಿಧಾನ, ಇವರನ್ನು ‘ಅಟಾರ್ನಿ ಜನರಲ್ ಫಾರ್ ಇಂಡಿಯಾ’ ಎನ್ನುತ್ತದೆ. ಭಾರತದ ವಕೀಲರು ಎಂಬುದಕ್ಕಿಂತ, ಭಾರತಕ್ಕಾಗಿ ನಿಲ್ಲುವ ವಕೀಲರು.

1985ರಲ್ಲಿ ರಾಜಸ್ಥಾನ ಹೈಕೋರ್ಟ್ ಅಪರಾಧಿಯೊಬ್ಬರನ್ನು ಜನರೆದುರು ಬಹಿರಂಗವಾಗಿ ಗಲ್ಲಿಗೇರಿಸಬೇಕು ಎಂದು ಆದೇಶಿಸಿತ್ತು. ಅದರ ವಿರುದ್ಧ ಅಟಾರ್ನಿ ಜನರಲ್ ಅವರೇ ಸುಪ್ರೀಂ ಕೋರ್ಟಿಗೆ ಹೋದರು. ಎಷ್ಟೇ ಘೋರ ಅಪರಾಧಕ್ಕೂ ಬಹಿರಂಗ ಗಲ್ಲು ಅನಾಗರಿಕ, ಸಂವಿಧಾನದ 21ನೇ ವಿಧಿಗೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ ಹೇಳಿತು.

2021ರ ಜನವರಿಯಲ್ಲಿ ಇಂಥದೇ ಸಂದರ್ಭ ಮತ್ತೆ ಬಂತು. ಬಟ್ಟೆಯ ಮೇಲಿಂದ ಮಗುವನ್ನು ಮುಟ್ಟಿದರೆ, ಚರ್ಮಕ್ಕೆ ಚರ್ಮ ತಾಗದ ಕಾರಣ, ಅದು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿ ಲೈಂಗಿಕ ದೌರ್ಜನ್ಯವಾಗದು ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಹೇಳಿತು. ಈ ಅರ್ಥವೇ ನಿಂತುಬಿಟ್ಟರೆ ದೇಶದ ಪ್ರತಿಯೊಂದು ಕೆಳ ನ್ಯಾಯಾಲಯದಲ್ಲೂ ಆರೋಪಿಗಳು ಕೈಗವಸಿನ ನೆಪ ಹೇಳಬಹುದಾಗಿತ್ತು. ಪ್ರಕರಣದಲ್ಲಿ ಕೇಂದ್ರ ಸರ್ಕಾರ ಕಕ್ಷಿದಾರನೇ ಆಗಿರಲಿಲ್ಲ. ವೇಣುಗೋಪಾಲ್ ಅವರು ಸುಪ್ರೀಂ ಕೋರ್ಟಿನ ಮುಂದೆ ವಿಷಯ ಪ್ರಸ್ತಾಪಿಸಿದರು. ತೀರ್ಪಿಗೆ ತಡೆ ಸಿಕ್ಕಿತು, ಅಟಾರ್ನಿ ಜನರಲ್ ಹೆಸರಿನಲ್ಲೇ ಮೇಲ್ಮನವಿ ದಾಖಲಾಯಿತು. ಕಾಯ್ದೆ ನೋಡಬೇಕಾದ್ದು ಚರ್ಮ ತಾಗಿತೇ ಎಂಬುದನ್ನಲ್ಲ, ಮುಟ್ಟಿದವನ ಲೈಂಗಿಕ ಉದ್ದೇಶವನ್ನು ಎಂದು ನವೆಂಬರ್ 18ರಂದು ಸುಪ್ರೀಂ ಕೋರ್ಟ್ ಹೇಳಿ ನಾಗಪುರ ಪೀಠದ ತೀರ್ಪನ್ನು ರದ್ದುಗೊಳಿಸಿತು. ಆ ತೀರ್ಪಿನ ಮೊದಲ ಪುಟದಲ್ಲಿ ಮೇಲ್ಮನವಿದಾರರ ಜಾಗದಲ್ಲಿ ಸಂತ್ರಸ್ತ ಮಗುವಿನ ಹೆಸರಿಲ್ಲ, ಭಾರತ ಸರ್ಕಾರದ ಹೆಸರೂ ಇಲ್ಲ. ಅಲ್ಲಿನ ಮೊದಲ ಹೆಸರೇ ‘ಅಟಾರ್ನಿ ಜನರಲ್ ಫಾರ್ ಇಂಡಿಯಾ’.